ಜೊತೆಯವ್ರೆಲ್ಲ ಮುಂದೆ ಹೋದ್ರು, ನನ್ನ ಮಗ ಮಾತ್ರ ಬೆಂಚಲ್ಲೇ

ಪ್ರಶ್ನೆ: ಸರ್, ನನ್ನ ಮಗನಿಗೆ 13 ವರ್ಷ, ಡಿಸೆಂಬರಲ್ಲಿ ಹುಟ್ಟಿದೋನು. ನಾಲ್ಕು ವರ್ಷದಿಂದ ಹಾಕಿ ಆಡ್ತಿದಾನೆ, ಪ್ರಾಕ್ಟೀಸ್ ತಪ್ಪಿಸೋನಲ್ಲ. ಜೊತೇಲಿ ಶುರು ಮಾಡಿದ ಹುಡುಗ್ರೆಲ್ಲ ಎತ್ತರ ಆಗಿ ಜೋರಾಗಿ ಹೊಡೀತಾರೆ, ಸೆಲೆಕ್ಟೂ ಆಗ್ತಿದಾರೆ. ಇವ್ನು ಪೀಚಲು, ಓಟಾನೂ ನಿಧಾನ, ಟ್ರಯಲ್ಸಲ್ಲಿ ಎರಡು ಸಲ ಕೈಬಿಟ್ರು. ಮನೇಲಿ ಬೈದಿದ್ದೂ ಆಯ್ತು. ಇನ್ನೂ ಎಷ್ಟು ಕಾಯೋದು, ಬಿಡಿಸಿ ಬೇರೆ ಏನಾದ್ರೂ ಸೇರಿಸ್ಲಾ?

ಉತ್ತರ: ಡಿಸೆಂಬರ್ ಅಂತ ನೀವೇ ಬರ್ದಿದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ವಯಸ್ಸನ್ನ ಜನವರಿ 1ರಿಂದ ಲೆಕ್ಕ ಹಾಕೋ ಕಡೆ, ಅದೇ ವರ್ಷ ಜನವರೀಲಿ ಹುಟ್ಟಿದ ಹುಡುಗ ನಿಮ್ಮೋನಿಗಿಂತ ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡೋನು, ಆದ್ರೆ ಟ್ರಯಲ್ಸಲ್ಲಿ ಇಬ್ರಿಗೂ ಒಂದೇ ಸಾಲು. ಕೆನಡಾದ ಐಸ್ ಹಾಕಿ ಹುಡುಗರ ಹುಟ್ಟಿದ ತಿಂಗಳು ಲೆಕ್ಕ ಹಾಕಿ ರೋಜರ್ ಬಾರ್ನ್ಸ್‌ಲಿ ಅನ್ನೋ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ತೋರ್ಸಿದ್ರು, ಒಳ್ಳೊಳ್ಳೆ ಟೀಮಲ್ಲಿ ವರ್ಷದ ಮೊದಲ ತಿಂಗಳುಗಳೋರೇ ಜಾಸ್ತಿ. ಅದ್ರ ಮೇಲೆ ಹುಡುಗ್ರು ದಿಢೀರಂತ ಎತ್ತರ ಆಗೋದು ಸರಾಸರಿ 14ರ ಹತ್ರ, ಕೆಲವ್ರಿಗೆ 12ಕ್ಕೇ ಆಗತ್ತೆ, ಇನ್ನು ಕೆಲವ್ರಿಗೆ 16. ಆ ಟೈಮಲ್ಲಿ ಚೆನ್ನಾಗಿ ಆಡ್ತಿದ್ದೋನೂ ತಡವರಿಸ್ತಾನೆ, ಕೈಕಾಲು ಉದ್ದ ಆಗಿರತ್ತೆ, ಇದ್ದಕ್ಕಿದ್ದಂಗೆ ಟ್ರ್ಯಾಪೇ, ಅಂದ್ರೆ ಬಂದ ಬಾಲನ್ನ ಸ್ಟಿಕ್ಕಲ್ಲಿ ತಡೆಯೋದೇ, ಆಗಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ನೋವು ಅಂದ್ರೆ ನೆಪ ಅಂದ್ಕೋಬೇಡಿ, ಡಾಕ್ಟರಿಗೆ ತೋರ್ಸಿ.

ಮುಂದಿನ ಮ್ಯಾಚಲ್ಲಿ ಒಂದು ಕೆಲಸ ಮಾಡಿ, ಬಾಲ್ ನೋಡ್ಬೇಡಿ, ಮಗನ ತಲೆ ನೋಡಿ. ಪಾಸ್ ಬರೋಕೆ ಮುಂಚೆ ಒಂದ್ಸಲ ಹೆಗಲ ಹಿಂದೆ ತಿರುಗಿ ಯಾರಿದಾರೆ ಅಂತ ನೋಡ್ತಾನಾ? ಬಂದ ಬಾಲ್ ಸ್ಟಿಕ್ಕಿಗೆ ಅಂಟ್ಕೊಂಡಂಗೆ ನಿಲ್ಲತ್ತಾ, ಇಲ್ಲಾ ಒಂದು ಮಾರು ದೂರ ಸಿಡಿಯತ್ತಾ? ಬಾಲ್ ಕಳ್ಕೊಂಡ್ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಲ್ತಾನಾ, ವಾಪಸ್ ಓಡ್ತಾನಾ? ಮೈ ಬೆಳೆದ್ರೆ ಹೊಡೆತಕ್ಕೆ ಜೋರು ತಾನಾಗೇ ಬರತ್ತೆ ಸ್ವಾಮಿ, ಹೆಗಲ ಹಿಂದೆ ತಿರುಗಿ ನೋಡೋ ಈ ಅಭ್ಯಾಸ ಹಂಗೆ ಬರಲ್ಲ. ನಾನೂ ಒಂದ್ಸಲ ಒಬ್ಬ ಸಣ್ಣ ಹುಡುಗೀನ ಓಟ ನೋಡಿ ಲಿಸ್ಟಿಂದ ತೆಗೆದಿದ್ದೆ, ಅವ್ಳ ಫಸ್ಟ್ ಟಚ್, ಅಂದ್ರೆ ಬಂದ ಬಾಲನ್ನ ಮೊದಲು ಹಿಡಿಯೋ ರೀತಿ, ಇಡೀ ಗುಂಪಲ್ಲೇ ಚೆನ್ನಾಗಿತ್ತು, ನಾನು ನೋಡಿದ್ದು ಸ್ಟಾಪ್‌ವಾಚ್ ಮಾತ್ರ.

ನಮ್ಮ ಇಂಡಿಯಾ ಟೀಮಿನ ಗೋಲ್‌ಕೀಪರ್ ಆಗಿದ್ದ ಪಿ.ಆರ್. ಶ್ರೀಜೇಶ್ 12ನೇ ವಯಸ್ಸಲ್ಲಿ ಸ್ಪೋರ್ಟ್ಸ್ ಸ್ಕೂಲ್ ಸೇರ್ದಾಗ ಹಾಕಿ ಆಡ್ತಾನೇ ಇರ್ಲಿಲ್ಲ, ಓಟ, ಲಾಂಗ್ ಜಂಪ್, ವಾಲಿಬಾಲ್ ಅಂತಿದ್ರು. 2006ರಲ್ಲಿ ಸೀನಿಯರ್ ಟೀಮಿಗೆ ಬಂದ್ರೂ ಜಾಗ ಗಟ್ಟಿ ಆಗೋಕೆ ಇನ್ನೂ ಕೆಲವು ವರ್ಷ ಹಿಡೀತು, ಆಮೇಲಿನದು, ಟೋಕಿಯೋ, ಪ್ಯಾರಿಸ್ ಒಲಿಂಪಿಕ್ಸಲ್ಲಿ ಎರಡು ಕಂಚು, ನಿಮಗೇ ಗೊತ್ತು. ಎಲ್ರೂ ಶ್ರೀಜೇಶ್ ಆಗಲ್ಲ, ನಿಮ್ಮ ಮಗ ಆಗ್ತಾನೆ ಅಂತ ನಾನು ಹೇಳ್ತಿಲ್ಲ, 13ಕ್ಕೆ ಆಗಲ್ಲ ಅಂತ ಹೇಳೋಕೂ ಯಾರಿಗೂ ಬರಲ್ಲ ಅಷ್ಟೇ.

ಹಂಗಂತ ಕಾಯೋದು ಅಂದ್ರೆ ವರ್ಷಾನುಗಟ್ಲೆ ಬೆಂಚ್ ಬಿಸಿ ಮಾಡೋದಲ್ಲ. ಕೋಚ್ ಹತ್ರ ಹೋಗಿ "ಯಾಕೆ ತಗೊಂಡಿಲ್ಲ" ಅಂತ ಜಗಳ ಆಡ್ಬೇಡಿ, "ಪೂರ್ತಿ ಮ್ಯಾಚ್ ಆಡೋಕೆ ಎಲ್ಲಿ ಸಿಗತ್ತೆ" ಅಂತ ಕೇಳಿ, ಬಿ ಟೀಮ್ ಆದ್ರೂ ಸರಿ. ಮತ್ತೆ ಮ್ಯಾಚ್ ಮುಗ್ಸಿ ಮನೆಗೆ ಬರೋ ದಾರೀಲಿ ಆಟದ ಮಾತು ತೆಗೀಲೇಬೇಡಿ, ಅವ್ನೇ ತೆಗೆದ್ರೆ ಸುಮ್ನೆ ಕೇಳಿಸ್ಕೊಳ್ಳಿ. ಬಿಡಿಸ್ಬೇಕಾ ಅನ್ನೋದನ್ನ ನನ್ನ ಕೇಳೋಕಿಂತ ಅವ್ನನ್ನ ಕೇಳಿ. ಯಾರೂ ಹೇಳ್ದೆ ತಾನೇ ಗೋಡೆಗೆ ಬಾಲ್ ಹೊಡ್ಕೊಂಡು ಇರ್ತಾನೆ ಅಂದ್ರೆ ಆ ಮಾತೇ ಎತ್ಬೇಡಿ.

ಅಂದ್ಹಾಗೆ ಸ್ಟಿಕ್ ಅಳತೆ ಬರ್ದಿಲ್ಲ ನೀವು. ಹೆಂಗೂ ಬೆಳೀತಾನಲ್ಲ ಅಂತ ದೊಡ್ಡ ಸ್ಟಿಕ್ ಕೊಡ್ಸಿದ್ರೆ ಅವ್ನ ನಿಧಾನಕ್ಕೆ ಅರ್ಧ ಕಾರಣ ಅದೇ ಇರ್ಬಹುದು, ನೆಟ್ಟಗೆ ನಿಲ್ಸಿದ್ರೆ ಹೆಚ್ಚುಕಮ್ಮಿ ಸೊಂಟದ ಮೂಳೆ ಹತ್ರ ಬರ್ಬೇಕು, ಇವತ್ತೇ ನಿಲ್ಸಿ ನೋಡಿ.