ಬೋರ್ಡೋ ದ್ರಾವಣದ ಲೇಖನ ಎಷ್ಟುದ್ದ ಇರಬೇಕು?

ಅಡಿಕೆ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ತಯಾರಿಸುವ ಬಗ್ಗೆ ಬರೆಯಲು 1500 ಪದ ಬೇಕೇ ಎಂದು ಕೇಳಿದ್ದೀರಿ. ಬೇಡ, 400ರ ಆಸುಪಾಸು ಸಾಕು. ಇಂಗ್ಲಿಷಿನ ಪದಲೆಕ್ಕ ನಮಗೆ ಹೊಂದುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟುವುದರಿಂದ ಅಷ್ಟೇ ವಿಷಯ ಕಡಿಮೆ ಪದಗಳಲ್ಲಿ ಮುಗಿಯುತ್ತದೆ.

ಉದ್ದ ನಿರ್ಧರಿಸುವ ಮೊದಲು ಓದುಗ ಎಲ್ಲಿ ತಪ್ಪುತ್ತಾನೆಂದು ಗುರುತು ಹಾಕಿಕೊಳ್ಳಿ. ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು: ಇದಕ್ಕೆ ಒಂದೇ ಸಾಲು ಸಾಕು. ಆದರೆ ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು, ಕಬ್ಬಿಣದ ಪಾತ್ರೆ ಕೂಡದು, ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಚೂರಿಗೆ ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಬೇಕು, ಸುಣ್ಣ ಸಾಲದಿದ್ದರೆ ಹೆಚ್ಚುವರಿ ತಾಮ್ರ ಗಿಡವನ್ನು ಸುಡುತ್ತದೆ, ಕಲಸಿದ್ದನ್ನು ಅದೇ ದಿನ ಸಿಂಪಡಿಸಬೇಕು: ಇಲ್ಲಿ ಜಿಪುಣತನ ಬೇಡ. ಒಂದೊಂದಕ್ಕೂ ಕಾರಣ ಸೇರಿಸಿ ಬರೆಯಿರಿ.

ಅಡಿಕೆಯ ಮಹತ್ವ, ರೋಗದ ಚರಿತ್ರೆಯ ಪೀಠಿಕೆ ಕಿತ್ತುಹಾಕಿ (ತೋಟದವರಿಗೆ ಅದನ್ನು ಹೇಳಿಕೊಡಬೇಕೇ?). ಧಾರಣೆಯ ಮಾತು ಬಂದರೆ ಅದು ಬೇರೆ ಲೇಖನ.

ಕೊನೆಗೆ, ಯಾವತ್ತೂ ದ್ರಾವಣ ಕಲಸದ ಒಬ್ಬರಿಗೆ ಓದಲು ಕೊಡಿ. ಅವರು ಪ್ರಶ್ನೆ ಕೇಳಿದ ಕಡೆ ಎರಡು ಸಾಲು ಸೇರಿಸಿ, ಹಾರಿಸಿ ಓದಿದ ಕಡೆ ಕತ್ತರಿಸಿ.