ಚಿಮ್ನಿ ಕೆಡವಿ ಕಟ್ಟಬೇಕು ಅಂದರೆ, ಮೊದಲು ಇನ್ನೊಬ್ಬರಿಗೆ ತೋರಿಸಿ

ನೀವು ಬರೆದದ್ದರ ಸಾರ ಇಷ್ಟು: ಮಡಿಕೇರಿಯಿಂದ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ಗೆ ಬಂದು ಹಳೇ ಮನೆ ಕೊಂಡಿದ್ದೀರಿ. ಕಟ್ಟಿಗೆ ಒಲೆಯ ಚಿಮ್ನಿ ಗುಡಿಸಲು ಕರೆಸಿದವನು ಟಾರ್ಚ್ ಬಿಟ್ಟು ನೋಡಿ, ‘ಒಳಗಿನ ಮಣ್ಣಿನ ಕೊಳವೆ ಬಿರಿದಿದೆ, ಪೂರ್ತಿ ಕೆಡವಿ ಕಟ್ಟಬೇಕು, 14,000 ಡಾಲರ್, ಇವತ್ತೇ ಸಹಿ ಹಾಕಿದರೆ ರಿಯಾಯಿತಿ’ ಎಂದಿದ್ದಾನೆ. ಚಳಿ ಹತ್ತಿರ ಬಂತು, ಇನ್ನೊಬ್ಬರನ್ನು ಕೇಳುವುದೋ ಬೇಡವೋ?

ಕೇಳಿ ಮಾರಾಯ್ರೆ, ಖಂಡಿತ ಕೇಳಿ. ಸಹಿ ಹಾಕಬೇಡಿ. ಹಾಗಂತ ಅವನು ಸುಳ್ಳೇ ಹೇಳಿರಬೇಕು ಅಂದುಕೊಂಡು ಒಲೆ ಹಚ್ಚಲೂ ಬೇಡಿ. ಬಿರುಕಿನ ವಿಷಯ ನಿಜವಿರಬಹುದು. ಹಳೇ ಚಿಮ್ನಿಗಳಲ್ಲಿ ಅದು ಅಪರೂಪವಲ್ಲ. ಆದರೆ ಅವನ ಮಾತಿನಲ್ಲಿ ಎರಡು ಭಾಗ ಇದೆ: ಏನು ಕೆಟ್ಟಿದೆ ಅನ್ನುವುದು ಒಂದು, ಅದಕ್ಕೆ ಏನು ಮಾಡಬೇಕು ಅನ್ನುವುದು ಇನ್ನೊಂದು. ಮೊದಲನೆಯದು ಸರಿಯಾಗಿದ್ದು ಎರಡನೆಯದು ತಪ್ಪಾಗಿರುವುದು ಈ ಕಸುಬಿನಲ್ಲಿ ಮಾಮೂಲು. ಕೊಳವೆ ಬಿರಿದರೆ ಸಾಮಾನ್ಯವಾಗಿ ಒಳಗೆ ಸ್ಟೀಲಿನ ಲೈನರ್ (ಹೊಸ ಒಳಕೊಳವೆ) ಇಳಿಸುತ್ತಾರೆ, ಇಟ್ಟಿಗೆಯ ಗೋಪುರವನ್ನೇ ಕೆಡವುವುದಿಲ್ಲ.

ಎರಡನೆಯವರನ್ನು ಕೇಳುವುದು ಅಂದರೆ ಇನ್ನೊಂದು ರೇಟು ಕೇಳುವುದಲ್ಲ. ನಮ್ಮವರ ಅಭ್ಯಾಸ ಏನು? ಬಂದವನ ಕೈಗೆ ಮೊದಲಿನವನ ಚೀಟಿ ಕೊಟ್ಟು, ‘ಅವನು ಹೀಗಂದ, ನೀನು ಎಷ್ಟಕ್ಕೆ ಮಾಡಿಕೊಡ್ತೀಯ’ ಅನ್ನುವುದು. ಆಗ ಅವನು ಅದೇ ಕೆಲಸವನ್ನು ಸಾವಿರ ಕಡಿಮೆಗೆ ಒಪ್ಪಿಕೊಳ್ಳುತ್ತಾನೆ, ನಿಮಗೆ ಲಾಭವಾದಂತೆ ಕಾಣುತ್ತದೆ, ಕೆಲಸ ಬೇಕಿತ್ತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಚೀಟಿ ತೋರಿಸಬೇಡಿ. ಸಿ.ಎಸ್.ಐ.ಎ. (ಅಮೆರಿಕದ ಚಿಮ್ನಿ ಸುರಕ್ಷತಾ ಸಂಸ್ಥೆ) ಪ್ರಮಾಣಪತ್ರ ಇರುವವರನ್ನು ಹುಡುಕಿ, ಫೋನಿನಲ್ಲೇ ಹೇಳಿ: ‘ಲೆವೆಲ್ 2 ತಪಾಸಣೆ ಬೇಕು, ಕ್ಯಾಮೆರಾ ಇಳಿಸಬೇಕು, ಫೋಟೋ ಸಮೇತ ಬರಹದಲ್ಲಿ ವರದಿ ಬೇಕು, ತಪಾಸಣೆಗೆ ಹಣ ಕೊಡುತ್ತೇನೆ, ರಿಪೇರಿ ನಿಮಗೆ ಕೊಡುವುದಿಲ್ಲ.’ ಈ ಕೊನೇ ಮಾತು ಮುಖ್ಯ. ತಪಾಸಣೆಗೆ ಕೆಲವು ನೂರು ಡಾಲರ್ ಹೋಗುತ್ತದೆ. 14,000ದ ಎದುರು ಅದು ಲೆಕ್ಕಕ್ಕಿಲ್ಲ.

ಈ ಲೆವೆಲ್‌ಗಳು ಅಮೆರಿಕದ ಅಗ್ನಿ ರಕ್ಷಣಾ ಸಂಘದ ಎನ್.ಎಫ್.ಪಿ.ಎ. 211 ಎಂಬ ಮಾನದಂಡದಿಂದ ಬಂದವು. ಲೆವೆಲ್ 1 ಅಂದರೆ ಸುಲಭಕ್ಕೆ ಕಣ್ಣಿಗೆ ಬೀಳುವ ಭಾಗ ನೋಡುವುದು, ಪ್ರತಿ ವರ್ಷದ್ದು. ಮನೆ ಕೈ ಬದಲಾದಾಗ, ಒಲೆ ಬದಲಾದಾಗ, ಚಿಮ್ನಿಯೊಳಗೆ ಬೆಂಕಿ ಎದ್ದ ಮೇಲೆ ಲೆವೆಲ್ 2. ಅಂದರೆ ನಿಮಗೆ ಇದು ಹೇಗೂ ಆಗಬೇಕಿತ್ತು. ಮನೆ ಕೊಳ್ಳುವಾಗ ಬಂದ ಹೋಮ್ ಇನ್ಸ್‌ಪೆಕ್ಟರ್ ಕೆಳಗಿನಿಂದ ಬೆಳಕು ಬಿಟ್ಟು ನೋಡಿದ್ದನ್ನು ಲೆವೆಲ್ 2 ಅಂದುಕೊಳ್ಳಬೇಡಿ. ಲೆವೆಲ್ 3ರಲ್ಲಿ ಗೋಡೆ ಬಿಚ್ಚುತ್ತಾರೆ, ಅದು ಲೆವೆಲ್ 2ರಲ್ಲಿ ಅನುಮಾನ ಬಂದರೆ ಮಾತ್ರ.

ಕ್ಯಾಮೆರಾ ಇಳಿಯುವಾಗ ಪಕ್ಕದಲ್ಲೇ ನಿಲ್ಲಿ. ವಿಡಿಯೋ ನಿಮ್ಮ ಮನೆಯ ಮುಂಭಾಗದಿಂದಲೋ ಚಿಮ್ನಿಯ ಟೋಪಿಯಿಂದಲೋ ಶುರುವಾಗಿ ಕತ್ತರಿಸದೆ ಒಳಗೆ ಹೋಗಲಿ. ಬೇರೆ ಯಾರದೋ ಚಿಮ್ನಿಯ ಫೋಟೋ ತೋರಿಸಿ ಹೆದರಿಸುವ ಚಾಳಿ ಹಳೆಯದು. ಮಣ್ಣಿನ ಕೊಳವೆ ಸಾಮಾನ್ಯವಾಗಿ ಎರಡೆರಡು ಅಡಿಯ ತುಂಡುಗಳ ಜೋಡಣೆ. ಬಿರುಕು ಮೇಲಿಂದ ಎಷ್ಟನೇ ತುಂಡಿನಲ್ಲಿ ಅಂತ ಬರೆಸಿಕೊಳ್ಳಿ. ಹಲವು ತುಂಡುಗಳಲ್ಲಿ ಉದ್ದಕ್ಕೆ ಸೀಳಿದ್ದರೆ ಹಿಂದೆ ಯಾವಾಗಲೋ ಒಳಗೆ ಬೆಂಕಿ ಎದ್ದಿರಬಹುದು. ತುಂಡುಗಳ ನಡುವಿನ ಗಾರೆ ಉದುರಿ ಸಂದು ಬಿದ್ದಿದ್ದರೆ ಅದು ವಯಸ್ಸು ಮತ್ತು ನೀರಿನ ಕೆಲಸ. ಮೇಲಿನ ಒಂದೆರಡು ತುಂಡು ಮಾತ್ರ ಪದರ ಪದರವಾಗಿ ಏಳುತ್ತಿದ್ದರೆ ತಪ್ಪು ಟೋಪಿಯದು ಅಥವಾ ತಲೆಗಾರೆಯದು (ಚಿಮ್ನಿಯ ನೆತ್ತಿಗೆ ಹಾಕುವ ಗಾರೆ), ಅಷ್ಟನ್ನೇ ಬದಲಾಯಿಸಬಹುದು. ಬಿರುಕಿನ ಸುತ್ತ ಹೊರಮೈಗೆ ಮಸಿ ಹರಡಿದ್ದು ಕಂಡರಂತೂ ವಾದವೇ ಬೇಡ, ಲೈನರ್ ಆಗುವವರೆಗೆ ಒಲೆ ಬಂದ್.

ಮಸಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಊರಿನಲ್ಲಿ ಬಚ್ಚಲಿನ ಹಂಡೆ ಒಲೆಗೆ ಹಸಿ ಕಾಫಿ ಕಟ್ಟಿಗೆ ತುರುಕಿದರೂ ಹೊಗೆ ಹೆಂಚಿನ ಸಂದಿನಲ್ಲಿ ಹೋಗಿಬಿಡುತ್ತದೆ, ಉಳಿದದ್ದು ಇಲ್ಲಣವಾಗಿ ಜೋತಾಡುತ್ತದೆ, ವರ್ಷಕ್ಕೊಮ್ಮೆ ಪೊರಕೆಯಲ್ಲಿ ಬಡಿದರೆ ಆಯಿತು. ಇಲ್ಲಿ ಹೊಗೆ ಇಪ್ಪತ್ತು ಅಡಿ ತಣ್ಣನೆಯ ಕೊಳವೆಯಲ್ಲಿ ಏರುತ್ತಾ ಆರಿ, ಗೋಡೆಗೆ ಕ್ರಿಯೋಸೋಟ್ ಎಂಬ ಉರಿಯುವ ಮಸಿಯಾಗಿ ಅಂಟುತ್ತದೆ. ಪುಡಿಯಾಗಿದ್ದರೆ ಬ್ರಷ್ಷಿಗೆ ಬರುತ್ತದೆ. ಗರಿಗರಿ ಚಕ್ಕೆಯಾಗಿದ್ದರೆ ಒತ್ತಿ ತೆಗೆಯಬೇಕು. ಡಾಂಬರು ಬಳಿದಂತೆ ಹೊಳೆಯುತ್ತಿದ್ದರೆ ಬ್ರಷ್ಷಿಗೆ ಜಗ್ಗುವುದಿಲ್ಲ, ಅತಿ ಅಪಾಯಕಾರಿಯಾಗಿ ಹೊತ್ತಿಕೊಳ್ಳುವ ಪದರ ಅದೇ. ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ದಪ್ಪ ಕಟ್ಟಿದರೆ ಗುಡಿಸುವ ಹೊತ್ತು. ಡಾಂಬರಿನಂಥದ್ದಾದರೆ ತೆಳುವಾಗಿದ್ದರೂ ಬಿಡಬಾರದು. ಅದು ಮುಚ್ಚಿರುವ ಕಡೆ ಬಿರುಕೂ ಕಾಣುವುದಿಲ್ಲ. ಹಾಗಾಗಿ ಗುಡಿಸದೆ ತಪಾಸಣೆ ಮಾಡಿದ ವರದಿಗೆ ಬೆಲೆ ಕಡಿಮೆ.

ಈಗ ರೇಟುಗಳು ಎಲ್ಲಿ ಬೇರೆಯಾಗುತ್ತವೆ ನೋಡಿ. ನಿಮ್ಮ ಒಲೆಯ ಹೊಗೆ ಹೊರಹೋಗುವ ಬಾಯಿ 6 ಇಂಚು ಅಂತ ಬರೆದಿದ್ದೀರಿ, ಅಂದರೆ ಅದರ ವಿಸ್ತೀರ್ಣ ಸುಮಾರು 28 ಚದರ ಇಂಚು. ಚಿಮ್ನಿ ಮನೆಯೊಳಗಿದ್ದರೆ ಕೊಳವೆಯ ಒಳ ವಿಸ್ತೀರ್ಣ ಅದರ ಮೂರು ಪಟ್ಟು ಮೀರಬಾರದು, ಹೊರಗೋಡೆಯಲ್ಲಿದ್ದರೆ ಎರಡು ಪಟ್ಟು, ಅಂದರೆ 56. ಮೀರಿದರೆ ಹೊಗೆ ನಿಧಾನವಾಗಿ ಆರಿ ಮಸಿ ಹೆಚ್ಚು ಕಟ್ಟುತ್ತದೆ. ಬಿರುಕೇ ಇಲ್ಲದಿದ್ದರೂ ಲೈನರ್ ಬೇಕಾಗುತ್ತದೆ. ಲೈನರ್ ಅಂದರೆ 6 ಇಂಚಿನ ಸ್ಟೇನ್‌ಲೆಸ್ ಕೊಳವೆ, ಯು.ಎಲ್. 1777 (ಲೈನರ್‌ಗಳ ಸುರಕ್ಷತಾ ಮಾನದಂಡ) ಗುರುತಿನದು, ಕಟ್ಟಿಗೆಗೆ 316 ದರ್ಜೆಯ ಸ್ಟೀಲು ಆದರೆ ನೆಮ್ಮದಿ. ಸುತ್ತ ಅರ್ಧ ಇಂಚು ಸೆರಾಮಿಕ್ ಹೊದಿಕೆ, ಅದರ ಮೇಲೆ ಬಲೆ, ಮೇಲೆ ತಟ್ಟೆ ಮತ್ತು ಟೋಪಿ, ಕೆಳಗೆ ಮಸಿ ತೆಗೆಯುವ ಮುಚ್ಚಳದ ಟೀ (T ಆಕಾರದ ಜೋಡಣೆ). ಹೊದಿಕೆ ಬಿಟ್ಟು ರೇಟು ಇಳಿಸುವವರಿದ್ದಾರೆ, ಒಪ್ಪಬೇಡಿ. ಹಳೇ ಚಿಮ್ನಿಗಳಲ್ಲಿ ಇಟ್ಟಿಗೆಗೂ ಮನೆಯ ಮರಕ್ಕೂ ನಡುವೆ ಇರಬೇಕಾದ 2 ಇಂಚು ಅಂತರ ಎಷ್ಟೋ ಕಡೆ ಇರುವುದಿಲ್ಲ, ಆ ಕೊರತೆಯನ್ನು ತುಂಬುವುದು ಈ ಹೊದಿಕೆಯೇ. ಹೊದಿಕೆ ಸೇರಿದ ಮೇಲೆ ಅಗಲ 7 ಇಂಚು ದಾಟುತ್ತದೆ. 8ಕ್ಕೆ 8ರ ಮಣ್ಣಿನ ಕೊಳವೆಯ ಒಳಗೆ ಇರುವ ಜಾಗವೇ 7ರ ಆಸುಪಾಸು, ಇಳಿಯುವುದಿಲ್ಲ. ಆಗ ಮೇಲಿಂದ ತಿರುಗುವ ಉಪಕರಣ ಇಳಿಸಿ ಮಣ್ಣಿನ ಕೊಳವೆಯನ್ನು ಮಾತ್ರ ಒಡೆದು ತೆಗೆಯುತ್ತಾರೆ, ಹೊರಗಿನ ಇಟ್ಟಿಗೆ ನಿಂತೇ ಇರುತ್ತದೆ. ನಿಮ್ಮ ಮೊದಲಿನವನು ‘ಕೆಡವಬೇಕು’ ಅಂದದ್ದು ಇದನ್ನೋ, ಇಡೀ ಗೋಪುರವನ್ನೋ? ಬರಹದಲ್ಲಿ ಕೇಳಿ.

ಗೋಪುರ ನಿಜವಾಗಿ ಕೆಡವಬೇಕಾದದ್ದು ಅದು ವಾಲಿದ್ದರೆ, ಇಟ್ಟಿಗೆ ಕೈಯಲ್ಲಿ ಅಲುಗಾಡಿದರೆ, ಅಡಿಪಾಯ ಕುಸಿದಿದ್ದರೆ. ಹೆಚ್ಚಿನ ಕಡೆ ಮಾಡಿನಿಂದ ಮೇಲಿನ ಭಾಗ ಮಾತ್ರ ಹಾಳಾಗಿರುತ್ತದೆ, ನಾಲ್ಕೂ ಕಡೆ ನೀರು ಬೀಳುವುದು ಅಲ್ಲಿಗೇ. ಭಾಗಮಂಡಲದ ಮಳೆಗೆ ಹೋಲಿಸಿದರೆ ಇಲ್ಲಿನದು ಏನೂ ಅಲ್ಲ, ಆದರೆ ಅಲ್ಲಿ ಇಟ್ಟಿಗೆ ಪಾಚಿ ಹಿಡಿದು ನಿಲ್ಲುತ್ತದೆ, ಇಲ್ಲಿ ಹೀರಿದ ನೀರು ಹೆಪ್ಪುಗಟ್ಟಿ ಸುಮಾರು 9 ಶೇಕಡಾ ಉಬ್ಬಿ ಇಟ್ಟಿಗೆಯ ಮುಖವನ್ನೇ ಹಾರಿಸುತ್ತದೆ. ತಲೆಗಾರೆ ಕನಿಷ್ಠ 2 ಇಂಚು ದಪ್ಪವಿದ್ದು, ಇಟ್ಟಿಗೆಯಿಂದ ಹೊರಚಾಚಿ, ನೀರು ತೊಟ್ಟಿಕ್ಕುವ ಹಾಗಿರಬೇಕು. ಕೆಲಸದಲ್ಲಿ ಮಿಕ್ಕ ಗಾರೆ ತೆಳ್ಳಗೆ ಸವರಿ ಬಿಟ್ಟದ್ದು ಎರಡು ಚಳಿಗಾಲಕ್ಕೆ ಸೀಳುತ್ತದೆ. ಸಂದಿಗೆ ಹೊಸ ಗಾರೆ ತುಂಬಿಸುವಾಗ ಹಳೇ ಮೆತ್ತಗಿನ ಇಟ್ಟಿಗೆಗೆ ಗಟ್ಟಿ ಸಿಮೆಂಟು ಹಾಕಿಸಬೇಡಿ, ಗಾರೆ ಉಳಿದು ಇಟ್ಟಿಗೆ ಒಡೆಯುತ್ತದೆ. ಮೇಲೆ ಬಳಿಯುವುದು ನೀರು ತಡೆದೂ ಒಳಗಿನ ಆವಿ ಹೊರಬಿಡುವ ಸಿಲೇನ್-ಸಿಲಾಕ್ಸೇನ್ ದ್ರಾವಣವೇ ಆಗಲಿ, ಪೇಂಟ್ ಬೇಡ. ಒಳಗೋಡೆಯಲ್ಲಿ ನೀರಿನ ಕಲೆ ಇದ್ದರೆ ಮೊದಲು ಮಾಡಿಗೂ ಚಿಮ್ನಿಗೂ ನಡುವಿನ ತಗಡು ಪಟ್ಟಿಯನ್ನು ಪರೀಕ್ಷಿಸಿ: ನೀರಿನ ಪೈಪು ಹಿಡಿದು ಕೆಳಗಿನಿಂದ ಶುರು ಮಾಡಿ ಒಂದೊಂದು ಮಟ್ಟಕ್ಕೆ ಹತ್ತು ಹದಿನೈದು ನಿಮಿಷ ನೀರು ಬಿಡುತ್ತಾ ಮೇಲೇರಿ. ಯಾವ ಮಟ್ಟದಲ್ಲಿ ಒಳಗೆ ಒದ್ದೆಯಾಯಿತೋ ದೋಷ ಅಲ್ಲಿ. ತಗಡಿನ ಕೆಲಸವನ್ನು ಗೋಪುರದ ಕೆಲಸ ಅಂತ ಮಾರುವುದು ಕಷ್ಟವೇನಲ್ಲ.

ಒಲೆ ಬಾಗಿಲು ತೆಗೆದರೆ ಹೊಗೆ ಮನೆಯೊಳಗೆ ಬರುತ್ತಿತ್ತು ಅಂತ ಹಿಂದಿನ ಮನೆಯವರು ಹೇಳಿದ್ದನ್ನೂ ಬರೆದಿದ್ದೀರಿ. ಅದು ಚಿಮ್ನಿಯ ದೋಷವೇ ಆಗಬೇಕಿಲ್ಲ. ಒಗ್ಗರಣೆಗೆ ಅಂತ ನಾವು ಜೋರಾಗಿ ಓಡಿಸುವ ಅಡುಗೆಮನೆ ಫ್ಯಾನು ಗಾಳಿಗೆ ಸಂದಿಲ್ಲದ ಬಿಗಿ ಮನೆಯಲ್ಲಿ ಗಾಳಿಯನ್ನು ಚಿಮ್ನಿಯಿಂದಲೇ ಕೆಳಗೆ ಎಳೆಯುತ್ತದೆ. ಫ್ಯಾನು ನಿಲ್ಲಿಸಿ ಒಲೆಯ ಹತ್ತಿರದ ಕಿಟಕಿ ಒಂದಿಂಚು ತೆರೆದು ನೋಡುವುದು ಒಲೆ ಹಚ್ಚಲು ಅಡ್ಡಿಯಿಲ್ಲ ಅಂತಾದ ಮೇಲೆ. ಚಿಮ್ನಿಯ ಎತ್ತರವನ್ನೂ ಅಳೆಸಿ: ಮಾಡು ದಾಟಿದ ಜಾಗದಿಂದ 3 ಅಡಿ, 10 ಅಡಿ ದೂರದೊಳಗಿರುವ ಯಾವುದಕ್ಕಿಂತಲೂ 2 ಅಡಿ ಎತ್ತರ. ಒಲೆಯಿಂದ ಗೋಡೆಗೆ ಹೋಗುವ ಕಪ್ಪು ಪೈಪನ್ನು ನೀವೇ ನೋಡಬಹುದು. ಒಂದೇ ಪದರದ್ದಾದರೆ ಉರಿಯುವ ವಸ್ತುವಿನಿಂದ 18 ಇಂಚು ದೂರ, ಪ್ರತಿ ಜೋಡಣೆಗೆ 3 ಸ್ಕ್ರೂ, ಅಡಿಗೆ ಕಾಲಿಂಚು ಏರು, ಇನ್ನೊಂದು ಪೈಪಿನೊಳಗೆ ತೂರಿಸುವ ಸುಕ್ಕಿನ ತುದಿ ಒಲೆಯ ಕಡೆಗೆ. ಸುಕ್ಕು ಮೇಲ್ಮುಖವಾಗಿದ್ದರೆ ಕ್ರಿಯೋಸೋಟ್ ಜೋಡಣೆಯಿಂದ ಹೊರಗೆ ಸೋರುತ್ತದೆ.

ಎರಡೂ ವರದಿ ಬಂದ ಮೇಲೆ ಒಂದೊಂದು ಸಾಲಿಗೂ ಕೇಳಿ: ಫೋಟೋ ಎಲ್ಲಿ, ಯಾವ ನಿಯಮದ ಪ್ರಕಾರ, ಈ ಚಳಿಗಾಲ ಬಿಟ್ಟರೆ ಏನಾಗುತ್ತದೆ. ಹೊಂದಾಣಿಕೆ ಆಗದಿದ್ದರೆ ಊರಿನ ಬಿಲ್ಡಿಂಗ್ ಇನ್ಸ್‌ಪೆಕ್ಟರ್ ಅಥವಾ ಫೈರ್ ಡಿಪಾರ್ಟ್‌ಮೆಂಟ್ ಕೇಳಿ, ಪರವಾನಗಿ ವಿಚಾರಕ್ಕೆ ಹೇಗೂ ಅಲ್ಲಿಗೆ ಹೋಗಬೇಕಾಗುತ್ತದೆ. ‘ಚಳಿ ಬರುವ ಮೊದಲೇ’ ಅನ್ನುವ ಒತ್ತಡಕ್ಕೆ ಸಿಗಬೇಡಿ. ಲೈನರ್ ಚಳಿಯಲ್ಲೂ ಇಳಿಸಬಹುದು. ಗಾರೆ ಕೆಲಸಕ್ಕೆ ಮಾತ್ರ 40 ಡಿಗ್ರಿ ಫ್ಯಾರನ್‌ಹೀಟ್ ಮೇಲಿರಬೇಕು, ಅದು ಮೇ ತಿಂಗಳಿಗೆ ಇರಲಿ. ಪೂರ್ತಿ ಹಣ ಮುಂಗಡ ಬೇಡ, ಕೊನೇ ಕಂತನ್ನು ಲೈನರ್ ಆದ ಮೇಲಿನ ವಿಡಿಯೋ ನೋಡಿಯೇ ಕೊಡಿ. ಮನೆಬಾಗಿಲಲ್ಲಿ ಮಾಡಿದ ಒಪ್ಪಂದ ಮೂರು ಕೆಲಸದ ದಿನದೊಳಗೆ ರದ್ದು ಮಾಡುವ ಕೇಂದ್ರ ನಿಯಮವೊಂದಿದೆ, ಆದರೆ ನೀವೇ ಕರೆಸಿದ ರಿಪೇರಿಗೆ ವಿನಾಯಿತಿಗಳಿವೆ, ಅದನ್ನೇ ನಂಬಿ ಸಹಿ ಹಾಕಬೇಡಿ. ಒಳಗೆ ಬೆಂಕಿ ಎದ್ದ ಗುರುತು ವರದಿಯಲ್ಲಿದ್ದರೆ ವಿಮೆಯವರಿಗೆ ತಿಳಿಸಿ; ಸವೆತಕ್ಕೆ ಅವರು ಕೊಡುವುದಿಲ್ಲ.

ಈ ಮಧ್ಯೆ ಕಟ್ಟಿಗೆ ನೋಡಿಕೊಳ್ಳಿ. ಇಲ್ಲಿ ಕಟ್ಟಿಗೆ ಅಳೆದು ಮಾರುವ ಒಂದು ಕಾರ್ಡ್ (cord) ಅಂದರೆ 4ಕ್ಕೆ 4ಕ್ಕೆ 8 ಅಡಿಯ ರಾಶಿ. ‘ಫೇಸ್ ಕಾರ್ಡ್’ ಅಂದರೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ ಅಷ್ಟೇ. ತೇವ ಅಳೆಯುವ ಸಣ್ಣ ಮೀಟರ್ ತಗೊಂಡು, ತುಂಡನ್ನು ಸೀಳಿ ಹೊಸ ಮುಖಕ್ಕೆ ಚುಚ್ಚಿ, 20 ಶೇಕಡಾಕ್ಕಿಂತ ಕೆಳಗಿದ್ದರೆ ಮಾತ್ರ ಇಳಿಸಿಕೊಳ್ಳಿ. ಓಕ್ ಆದರೆ ಒಣಗಲು ಎರಡು ವರ್ಷ ಬೇಕಾಗುತ್ತದೆ, ಈಗ ‘ಒಣಗಿದೆ’ ಅಂತ ಮಾರುವ ಓಕನ್ನು ಮೀಟರ್ ಚುಚ್ಚದೆ ನಂಬಬೇಡಿ.