ದಿನಾ ಸಂಜೆ ಅದೇ ಪ್ರಾರ್ಥನೆ: ಬೇಸರ ಬರಲ್ವಾ, ಕೇಳಿದ್ದು ಸಿಗುತ್ತದಾ?

ನೀವು ಕುಂಬಳೆಯಲ್ಲಿ ಬಾಡಿಗೆಗಿರುವ ಮನೆಯ ಯಜಮಾನರು ಕ್ರಿಶ್ಚಿಯನ್ನರು. ದಿನಾ ಸಂಜೆ ಅದೇ ಮಾತುಗಳನ್ನು ರಾಗವಾಗಿ ಹೇಳುವುದು ನಿಮ್ಮ ಕೋಣೆಗೆ ಕೇಳಿಸುತ್ತದೆ. ಅದೇ ಅದೇ ಹೇಳಿ ಬೇಸರ ಬರಲ್ವಾ, ಕೇಳಿದ್ದು ನಿಜವಾಗಿ ಸಿಗುತ್ತದಾ, ಅವರು ಕರೆದಾಗ ನಾನು ಹೋಗಿ ಕೂತರೆ ತಪ್ಪಾ ಎಂದು ಕೇಳಿದ್ದೀರಿ.

ನಾನು ಕಾಸರಗೋಡು ಜಿಲ್ಲೆಯ ಬೇಳದ ಕಡೆಯವನು. 1890ರ ಶೋಕಮಾತೆಯ ಇಗರ್ಜಿ, ಅಂದರೆ ಚರ್ಚು, ಇದೆಯಲ್ಲ, ಅದೇ ಬೇಳ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಪಾದ್ರಿಯಲ್ಲ, ಅಡಿಕೆ ತೋಟ ನೋಡಿಕೊಂಡಿರುವವನು. ಹಾಗಾಗಿ ನನ್ನ ಉತ್ತರದಲ್ಲಿ ಶಾಸ್ತ್ರ ಕಡಿಮೆ, ಮನೆ ವಿಷಯ ಜಾಸ್ತಿ.

ನಿಮಗೆ ಕೇಳಿಸುವುದು ತೇರ್ಸ್. ಕನ್ನಡದಲ್ಲಿ ಜಪಸರ ಎನ್ನುತ್ತೇವೆ. ಐದು ಭಾಗ. ಪ್ರತಿ ಭಾಗಕ್ಕೆ ಒಂದು 'ಪರಲೋಕದ ತಂದೆಯೇ', ಹತ್ತು 'ನಮೋ ಮರಿಯಾ'. ಒಂದೊಂದು ಭಾಗದಲ್ಲೂ ಯೇಸುವಿನ ಅಥವಾ ಮರಿಯಮ್ಮನ ಬದುಕಿನ ಒಂದು ಘಟನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸೋಮವಾರ, ಶನಿವಾರ ಸಂತೋಷದ ಘಟನೆಗಳು. ಮಂಗಳವಾರ, ಶುಕ್ರವಾರ ದುಃಖದ್ದು. ಬುಧವಾರ, ಭಾನುವಾರ ಮಹಿಮೆಯದ್ದು. ಗುರುವಾರದ ಬೆಳಕಿನ ಘಟನೆಗಳನ್ನು ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಸೇರಿಸಿದರು. ನಮ್ಮ ಅಜ್ಜಿಗೆ ಅದು ಕೊನೆವರೆಗೂ ಒಗ್ಗಲಿಲ್ಲ. ಪೋಪರು ಏನೇ ಹೇಳಲಿ, ಗುರುವಾರವೂ ಅವರದು ಹಳೇ ಸಂತೋಷದ್ದೇ! ಅಂತೂ ಬಾಯಿ ಒಂದೇ ಮಾತು ಹೇಳುತ್ತಿರುತ್ತದೆ, ಮನಸ್ಸು ಬೇರೆ ಎಲ್ಲೋ ನಡೆಯುತ್ತಿರುತ್ತದೆ.

ಬೇಸರ ಬರುತ್ತದೆ. ಬರುವುದಿಲ್ಲ ಎಂದು ಹೇಳಿದವರನ್ನು ನಂಬಬೇಡಿ. ಮಕ್ಕಳು ಆಕಳಿಸುತ್ತಾರೆ. ಯಾರದೋ ಕಿವಿ ಕುಕ್ಕರಿನ ವಿಷಲ್ ಮೇಲೆ. ಗಲ್ಫಿನಲ್ಲಿರುವ ಮಗ ವೀಡಿಯೊ ಕಾಲ್‌ನಲ್ಲಿ ಸೇರಿಕೊಂಡಿದ್ದರೆ ಅವನ ನೆಟ್ ಕಡಿದು ಅರ್ಧ 'ನಮೋ ಮರಿಯಾ' ಅಲ್ಲೇ ನಿಲ್ಲುತ್ತದೆ. ನಮಗೆ ಏಳೂವರೆ ಆದಾಗ ದುಬೈಯಲ್ಲಿ ಆರು ಗಂಟೆ, ಕೆಲಸದಿಂದ ಆಗಷ್ಟೇ ಬಂದಿರುತ್ತಾನೆ ಪಾಪ.

ಮಂಜೇಶ್ವರ ಕಡೆ ನನಗೆ ಪ್ರೊಟೆಸ್ಟೆಂಟ್ ಗೆಳೆಯರಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಪರಂಪರೆಯವರು. ಅವರ ಮನೆಯಲ್ಲಿ ಜಪಸರ ಇಲ್ಲ. ಒಂದು ಕನ್ನಡ ಗೀತೆ ಹಾಡಿ, ಬೈಬಲ್ ಓದಿ, ಒಬ್ಬರು ತಮ್ಮದೇ ಮಾತಿನಲ್ಲಿ ಪ್ರಾರ್ಥಿಸುತ್ತಾರೆ. ನಿಮ್ಮ ಪ್ರಶ್ನೆಯನ್ನೇ ಅವರೂ ನನಗೆ ಕೇಳುತ್ತಾರೆ. ಬರೀ ಮಾತು ಉದ್ದ ಮಾಡಬೇಡಿ ಎಂದು ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಯೇಸುವೇ ಹೇಳಿಲ್ಲವಾ ಎನ್ನುತ್ತಾರೆ. ಹೇಳಿದ್ದು ಹೌದು. ಆದರೆ ಹಾಗೆ ಹೇಳಿದ ಮರುಕ್ಷಣವೇ ಬಾಯಿಪಾಠ ಮಾಡಬಹುದಾದ ಒಂದು ಪ್ರಾರ್ಥನೆಯನ್ನು, ಅದೇ 'ಪರಲೋಕದ ತಂದೆಯೇ', ಕೊಟ್ಟದ್ದೂ ಅವನೇ.

ಸ್ವಂತ ಮಾತಿನ ಪ್ರಾರ್ಥನೆ ಚೆನ್ನಾಗಿಯೇ ಇರುತ್ತದೆ, ಮನಸ್ಸು ಸರಿ ಇರುವ ದಿನ. ಮನೆಯಲ್ಲಿ ಸಾವಾದ ದಿನ ಸ್ವಂತ ಮಾತು ಎಲ್ಲಿಂದ ಬರಬೇಕು? ಅಪ್ಪ ತೀರಿಕೊಂಡಾಗ ನಮ್ಮ ಮನೆಯಲ್ಲಿ ಯಾರ ಗಂಟಲೂ ಏಳಲಿಲ್ಲ. ವಾಡೆಯವರು, ಅಂದರೆ ನೆರೆಯ ಕ್ರೈಸ್ತ ಮನೆಗಳವರು, ಬಂದು ಕೂತರು, ತೇರ್ಸ್ ಶುರು ಮಾಡಿದರು. ನಾವು ಸುಮ್ನೆ ಕೂತಿದ್ದೆವು. ನಮ್ಮ ಪಾಲಿನದ್ದನ್ನೂ ಅವರೇ ಹೇಳಿದರು. ಎಲ್ಲರಿಗೂ ಗೊತ್ತಿರುವ ಮಾತು ಆದದ್ದರಿಂದ ಅದು ಸಾಧ್ಯವಾಯಿತು. ಶಿಲುಬೆಯ ಮೇಲೆ ಯೇಸು 'ನನ್ನ ದೇವರೇ, ಯಾಕೆ ಕೈಬಿಟ್ಟೆ' ಎಂದು ಕೂಗಿದ್ದು ಕೂಡ ಹೊಸ ಮಾತಲ್ಲ, ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು. ಯೆಹೂದಿ ಮನೆಯಲ್ಲಿ ಬೆಳೆದವನಿಗೆ ಆ ಹೊತ್ತಿನಲ್ಲಿ ಒದಗಿದ್ದು ಹಳೆಯ ಪ್ರಾರ್ಥನೆಯೇ.

ಇನ್ನು ಕೇಳಿದ್ದು ಸಿಗುವ ವಿಷಯ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಮಳೆ ಬಿಡದೆ ಸುರಿದರೆ ಅಡಿಕೆಗೆ ಕೊಳೆರೋಗ ಬರುತ್ತದೆ. ಒಂದೆರಡು ದಿನ ಮಳೆ ಬಿಟ್ಟು ಹೊಳವು ಕೊಡು ದೇವರೇ ಎಂದು ಕೇಳುತ್ತೇವೆ. ಜೊತೆಗೆ ಕೊಳೆರೋಗದ ಮದ್ದಿಗೆ ಮೈಲುತುತ್ತ, ಸುಣ್ಣ ತಂದಿಟ್ಟಿರುತ್ತೇವೆ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಮದ್ದು ಬಿಡುವವನು ಮರ ಹತ್ತುವ ಮೊದಲು ಅವನದೇ ದೇವರಿಗೆ ಕೈ ಮುಗಿಯುತ್ತಾನೆ. ಪ್ರಾರ್ಥನೆ ಮಾಡಿದ್ದೇವೆ ಎಂದು ಮದ್ದು ಬಿಡದೆ ಕೂತ ಕ್ರಿಶ್ಚಿಯನ್ ಕೃಷಿಕನನ್ನು ನಾನಂತೂ ಕಂಡಿಲ್ಲ. ಕೆಲವು ವರ್ಷ ಹೊಳವು ಸಿಗುತ್ತದೆ, ಕೆಲವು ವರ್ಷ ಅರ್ಧ ಫಸಲು ಉದುರುತ್ತದೆ. ಗೆತ್ಸೆಮನಿ ತೋಪಿನಲ್ಲಿ ಯೇಸು ಕೇಳಿದ್ದೂ ಅವನಿಗೆ ಸಿಗಲಿಲ್ಲ ಅಲ್ವಾ. ಈ ಕಷ್ಟ ತಪ್ಪಿಸು, ಆದರೂ ನನ್ನ ಇಷ್ಟವಲ್ಲ, ನಿನ್ನ ಇಷ್ಟ ಎಂದ. ಮರುದಿನ ಶಿಲುಬೆಗೇರಿಸಿದರು.

ಆದರೆ 'ದೇವರ ಇಷ್ಟ' ಎಂಬ ಮಾತನ್ನು ಎಲ್ಲೆಂದರಲ್ಲಿ ಬಳಸುವುದು ನನಗೆ ಆಗಿಬರುವುದಿಲ್ಲ. ನಮ್ಮ ಜಿಲ್ಲೆಯ ಎಣ್ಮಕಜೆ ಕಡೆ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಹಾಸಿಗೆಯಲ್ಲೇ ಬೆಳೆದ ಮಕ್ಕಳ ತಾಯಂದಿರ ಹತ್ತಿರ ಹೋಗಿ ದೇವರ ಚಿತ್ತ ಎಂದರೆ ಅದು ಪ್ರಾರ್ಥನೆಯಲ್ಲ, ಜಾರಿಕೊಳ್ಳುವ ಉಪಾಯ. ಆ ಕುಟುಂಬಗಳು ಬೀದಿಗಿಳಿದು ಹೋರಾಡಿದ್ದಕ್ಕೆ, ಅವರ ಪರವಾಗಿ ಕೆಲವರು ಕೋರ್ಟಿಗೆ ಹೋದದ್ದಕ್ಕೆ 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ಇಡೀ ದೇಶದಲ್ಲಿ ನಿಲ್ಲಿಸಿತು, 2017ರಲ್ಲಿ ತಲಾ ಐದು ಲಕ್ಷ ಪರಿಹಾರ ಕೊಡಲು ಹೇಳಿತು. ಆ ಮಕ್ಕಳಿಗಾಗಿ ಪ್ರಾರ್ಥಿಸುವವನು ಅರ್ಜಿಗೆ ಸಹಿಯನ್ನೂ ಹಾಕಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾದರೆ ದಿನದ ಬದುಕಿನಲ್ಲಿ ಉಪಯೋಗ ಎಲ್ಲಿ ಕಾಣುತ್ತದೆ? ತೇರ್ಸ್ ಮುಗಿದ ಮೇಲಿನ ಐದು ನಿಮಿಷದಲ್ಲಿ. ಆಗ ಮನೆಯ ಕಿರಿಯರು ಹಿರಿಯರೆಲ್ಲರ ಹತ್ತಿರ ಹೋಗಿ ಕೈ ಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ರಾಜಪುರದ ಕಡೆ 1943ರಲ್ಲಿ ತಿರುವಾಂಕೂರಿನಿಂದ ಬಂದು ನೆಲೆಸಿದ ಮಲಯಾಳಿ ಕ್ರೈಸ್ತರ ಮನೆಗಳಲ್ಲೂ ಪ್ರಾರ್ಥನೆಯ ನಂತರ ಹಿರಿಯರಿಗೆ 'ಯೇಸುವಿಗೆ ಸ್ತುತಿ' ಎಂದು ಹೇಳುವ ಕ್ರಮ ಇದೆ. ಮಧ್ಯಾಹ್ನ ಜಗಳ ಮಾಡಿ ಮುಖ ತಿರುಗಿಸಿ ಕೂತವರು ಸಂಜೆ ಎದುರೆದುರು ನಿಲ್ಲಲೇಬೇಕು. ಅದಕ್ಕಿಂತ ಸ್ವಲ್ಪ ಮೊದಲು, 'ಪರಲೋಕದ ತಂದೆಯೇ' ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಅದೇ ಬಾಯಿಯಲ್ಲಿ ಹೇಳಿರುತ್ತಾರೆ. ಆ 'ಹಾಗೆ' ಇದೆಯಲ್ಲ, ಮಹಾ ಕಿರಿಕಿರಿ. ದೇವರಿಗೆ ನಾವೇ ಷರತ್ತು ಬರೆದುಕೊಟ್ಟ ಲೆಕ್ಕ.

ನಮ್ಮ ಅಪ್ಪನಿಗೂ ಚಿಕ್ಕಪ್ಪನಿಗೂ ಸುರಂಗದ ನೀರಿನ ವಿಷಯದಲ್ಲಿ ಮಾತು ನಿಂತಿತ್ತು. ಸುರಂಗ ಅಂದರೆ ಗುಡ್ಡಕ್ಕೆ ಅಡ್ಡ ಕೊರೆದು ನೀರು ತರುವುದು, ನೀವು ಆ ಕಡೆ ನೋಡಿರಬಹುದು. ಏಪ್ರಿಲಿನಲ್ಲಿ ಹನಿ ನೀರಿಗೂ ಲೆಕ್ಕ. ಮೇ ತಿಂಗಳು ಮರಿಯಮ್ಮನ ತಿಂಗಳು, ವಾಡೆಯಲ್ಲಿ ಮನೆಯಿಂದ ಮನೆಗೆ ತೇರ್ಸ್ ಹೋಗುತ್ತದೆ. ನಮ್ಮ ಮನೆಯ ಸರದಿಗೆ ಚಿಕ್ಕಪ್ಪ ಬರದೇ ಇರುವಂತಿಲ್ಲ, ಇಡೀ ವಾಡೆ ಗಮನಿಸುತ್ತದೆ. ಬಂದರು, ಬಾಗಿಲ ಹತ್ತಿರ ಕೂತರು. ಮುಗಿದ ಮೇಲೆ ನಾವು ಮಕ್ಕಳೆಲ್ಲ ಅವರ ಬೆಸಾಂವ್ ಕೇಳಿದೆವು. ಅವರು ಎದ್ದು ಹೋಗಿ ಅಣ್ಣನ ಬೆಸಾಂವ್ ಕೇಳಿದರು. ಆ ರಾತ್ರಿ ನೀರಿನ ಮಾತೇ ಬರಲಿಲ್ಲ. ನೀರಿನ ಜಗಳ ಅಷ್ಟಕ್ಕೇ ಮುಗಿಯಲೂ ಇಲ್ಲ. ಆದರೆ ಕೂತು ಮಾತಾಡುವಷ್ಟು ದಾರಿ ಆಯಿತು. ಆಮೇಲೆ ದಿನ ಬಿಟ್ಟು ದಿನ ಎಂದು ಹಂಚಿಕೊಂಡರು. ಈಗಲೂ ಹಾಗೇ ನಡೆಯುತ್ತಿದೆ. ಕಾಣಿಕೆ ಕೊಡಲು ಬಂದವನು ಅಣ್ಣತಮ್ಮನ ಜಗಳ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಮಾಡಿಕೊಳ್ಳಲಿ ಎಂಬ ಮಾತೂ ಮತ್ತಾಯನಲ್ಲೇ ಇದೆ.

ಎಲ್ಲ ಮನೆಯಲ್ಲೂ ಹೀಗೆ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ತೇರ್ಸ್ ಹೇಳಿ ಆಸ್ತಿಗಾಗಿ ಕೋರ್ಟಿನಲ್ಲಿರುವವರೂ ಇದ್ದಾರೆ.

ನೀವು ಹೋಗಿ ಕೂತರೆ ಖಂಡಿತ ತಪ್ಪಲ್ಲ. ಅವರೇ ಕರೆದಿದ್ದಾರಲ್ಲ. ಹೇಳಬೇಕೆಂದಿಲ್ಲ, ಮೊಣಕಾಲೂರಬೇಕೆಂದಿಲ್ಲ, ಹಿಂದೆ ಒಂದು ಕುರ್ಚಿಯಲ್ಲಿ ಕೂತರೆ ಸಾಕು. ಫೋನ್ ಸೈಲೆಂಟ್ ಮಾಡಿ. ಮುಗಿದ ಮೇಲೆ ಮನೆಯ ಅಜ್ಜಿಗೆ ಒಂದು ನಮಸ್ಕಾರ ಹೇಳಿ. ವಾಡೆಯ ತೇರ್ಸ್ ಇರುವ ದಿನವಾದರೆ ಊಟ ಮಾಡದೆ ಹೋಗಿ, ಕೊನೆಗೆ ಚಾ, ತಿಂಡಿ ಇರುತ್ತದೆ.